ಅಪ್ಪ ವೇಷ ಕಳಚಿದ ಮೇಲೆ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಮುಂಬಯಿ ಕನ್ನಡಿಗರ ಆಟ, ನಾಟಕಗಳ ಬಗ್ಗೆ ಬೆಳ್ಳಿಹಬ್ಬದ ಸಂಚಿಕೆಗಳು ನನ್ನ ಕಪಾಟಿನ ತುಂಬ ಇವೆ, ಆ ಕಲಾವಿದರ ಹೆಣ್ಣುಮಕ್ಕಳು ಬರೆದ ಪುಸ್ತಕಗಳು ಮಾತ್ರ ಒಂದು ಕೈಯಲ್ಲಿ ಎಣಿಸುವಷ್ಟು, ಯಾರಾದರೂ ಬರೆಯಿರಿ ಅಂತ. ಸುಮ್ನೆ ಅಂದದ್ದು. ಈಗ ನೋಡಿದರೆ ಅಂಚೆಯಲ್ಲಿ, ವಾಟ್ಸಾಪಿನಲ್ಲಿ ಬರೀ ಅದರದೇ ಪ್ರಶ್ನೆ, ಅಪ್ಪನ ಬಗ್ಗೆ ಬರೆಯುವುದು ಹೇಗೆ ಅಂತ. ಹಾಗಾಗಿ ಈ ಸಲ ಸೊಸೆ, ಸಕ್ಕರೆ ಕಾಯಿಲೆ, ಸೊಸೈಟಿ ಜಗಳದ ಪತ್ರಗಳೆಲ್ಲ ಮುಂದಿನ ತಿಂಗಳಿಗೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನನ್ನ ತಂದೆಯವರು ಊರಿನ ಮೇಳದಲ್ಲಿ ಹಾಸ್ಯಗಾರರಾಗಿದ್ದು, ಆಮೇಲೆ ಮುಂಬಯಿಗೆ ಬಂದು ಹಗಲು ಹೋಟೆಲಿನ ಗಲ್ಲಾದಲ್ಲಿ ಕೂತು ರಾತ್ರಿ ವೇಷ ಹಾಕಿದವರು. ಮಾಟುಂಗ, ಕುರ್ಲಾ ಕಡೆಯ ಹಳಬರ ಹತ್ತಿರ ಅವರ ಹೆಸರು ಎತ್ತಿದರೆ ಈಗಲೂ ನಗುತ್ತಾರೆ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ನಾನು ಬ್ಯಾಂಕಿನಿಂದ ನಿವೃತ್ತಳಾಗಿ ಈಗ ಬರೆಯಲು ಕೂತಿದ್ದೇನೆ. 'ಉಡುಪಿ ಜಿಲ್ಲೆಯ ಕುಗ್ರಾಮವೊಂದರಲ್ಲಿ ಬಡ ಕುಟುಂಬದಲ್ಲಿ ಜನಿಸಿ' ಅಂತ ಶುರು ಮಾಡಿ ಹತ್ತು ಪುಟ ಆಯಿತು. ಸನ್ಮಾನಗಳ ಪಟ್ಟಿಯೇ ಮೂರು ಪುಟ. ಓದಿದರೆ ಅಪ್ಪ ಎಲ್ಲೂ ಕಾಣುವುದಿಲ್ಲ. ಇನ್ನೊಂದು ವಿಷಯ, ಅವರು ಮನೆಯಲ್ಲಿ ನಗುತ್ತಲೇ ಇರಲಿಲ್ಲ. ಬೆಳಗಿನ ಜಾವ ನಳ್ಳಿಯಲ್ಲಿ ನೀರು ಬರುವ ಹೊತ್ತಿಗೆ ಅಮ್ಮ ಕೊಡಪಾನ ತುಂಬಿಸುತ್ತಿದ್ದರೆ, ಪಕ್ಕದಲ್ಲಿ ನಿಂತು ಹೊಸ ಹೊಸ ಮಾತು ಹೇಳಿ ನೋಡುತ್ತಿದ್ದರು. ಅಮ್ಮ ನಗದಿದ್ದರೆ ಆ ಮಾತು ಅಲ್ಲಿಗೆ ಬಿಟ್ಟರು. ಇಂಥದ್ದನ್ನೆಲ್ಲ ಪುಸ್ತಕದಲ್ಲಿ ಹಾಕಬಹುದಾ? (ಡೊಂಬಿವಿಲಿಯಿಂದ)

ಉತ್ತರ: ತಂಗೀ, ನಿಮ್ಮ ಹತ್ತು ಪುಟ ಹರಿಯಬೇಡಿ, ಕಟ್ಟಿ ಅಟ್ಟದ ಮೇಲಿಡಿ. ಪುಸ್ತಕ ಕೊಡಪಾನದಿಂದ ಶುರುವಾಗಲಿ. ಪತ್ರದ ಕೊನೆಯಲ್ಲಿ 'ಇನ್ನೊಂದು ವಿಷಯ' ಅಂತ ಹೆದರಿಕೊಂಡು ಬರೆದಿದ್ದೀರಲ್ಲ, ಅದನ್ನು ಓದಿ ನಾನು ಕಾಫಿ ಲೋಟ ಕೆಳಗಿಟ್ಟೆ.

ಯಾಕೆ ಅಂತ ಹೇಳುತ್ತೇನೆ. ಯಕ್ಷಗಾನದ ಪ್ರಸಂಗ ಪುಸ್ತಕ ತೆಗೆದು ನೋಡಿ, ಅದರಲ್ಲಿ ಇರುವುದು ಪದ್ಯ. ಭಾಗವತರು ಹಾಡುವುದು ಅದನ್ನೇ. ಮಾತು ಕಲಾವಿದನದು, ಆ ಹೊತ್ತಿಗೆ ಬಾಯಿಗೆ ಬಂದದ್ದು. ಅದರಲ್ಲೂ ಹಾಸ್ಯಗಾರನ ಪಾಡು ಕೇಳಬೇಡಿ. ಕೃಷ್ಣನಿಗೋ ಕೌರವನಿಗೋ ಪದ್ಯಗಳಾದರೂ ಉಂಟು, ದೂತನಿಗೆ ಏನುಂಟು? ರಾಜ 'ಯಾರಲ್ಲಿ' ಅಂತ ಕೂಗಿದ ಮೇಲೆ ಒಳಗೆ ಬಂದವನು ಅರ್ಧ ಗಂಟೆ ಜನರನ್ನು ನಗಿಸಿ ಹೋದರೆ, ಆ ಅರ್ಧ ಗಂಟೆಯ ಒಂದು ಮಾತೂ ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ತಂದೆ ನಲವತ್ತು ವರ್ಷ ಹೇಳಿದ್ದು ಹೀಗೆ ಗಾಳಿಯಲ್ಲಿ ಹೋಗಿದೆ. ಕೇಳಿದವರಿಗೆ ನಕ್ಕದ್ದು ನೆನಪಿದೆ, ಯಾಕೆ ನಕ್ಕೆವು ಅನ್ನುವುದು ಮರೆತಿದೆ. ನಾನು ಬೇಕಾದಷ್ಟು ಜನರನ್ನು ಕೇಳಿ ನೋಡಿದ್ದೇನೆ, 'ಅಬ್ಬಾ, ಆ ಮನುಷ್ಯ!' ಅನ್ನುತ್ತಾರೆ, ಮುಂದೆ ಹೇಳಲು ಆಗುವುದಿಲ್ಲ.

ಆ ಮಾತುಗಳು ತಯಾರಾದ ಜಾಗ ನಿಮ್ಮ ಚಾಳಿನ ನಳ್ಳಿ. ಅದನ್ನು ಕಂಡವರು ನೀವಿಬ್ಬರೇ, ನೀವು ಮತ್ತು ಅಮ್ಮ. ಅಮ್ಮ ಯಾವ ಮಾತಿಗೆ ನಕ್ಕರು, ಯಾವುದಕ್ಕೆ ಮುಖ ಸಿಂಡರಿಸಿದರು? ಅಪ್ಪ ಹೇಳುತ್ತಿದ್ದದ್ದು ತುಳುವಿನಲ್ಲೋ ಕನ್ನಡದಲ್ಲೋ? ಹಿಂದೆ ಸಾಲಿನಲ್ಲಿ ನಿಂತ ಮರಾಠಿ ಹೆಂಗಸರು ಏನೆಂದುಕೊಳ್ಳುತ್ತಿದ್ದರು? ನೀರು ನಿಂತು ಹೋಗುವ ಹೆದರಿಕೆಯಲ್ಲಿ ಅಮ್ಮ 'ಸಾಕು, ಆ ಬಾಲ್ದಿ ಎತ್ತಿ' ಅಂದದ್ದು ಇದ್ದರೆ ಅದೂ ಬರಲಿ.

ನಾನು ಹನ್ನೆರಡು ವರ್ಷದವಳಿದ್ದಾಗ ವೇಷ ಹಾಕಿ ಬಿಚ್ಚುವ ಚೌಕಿಯೊಳಗೆ ನುಗ್ಗಿ ಒಬ್ಬ ಹಾಸ್ಯಗಾರರು ಬಣ್ಣ ತೆಗೆಯುವುದನ್ನು ನೋಡಿದ್ದೆ. ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖಕ್ಕೆ ಉಜ್ಜಿ, ಹಳೆ ಪಂಚೆಯ ತುಂಡಿನಲ್ಲಿ ಒರೆಸುತ್ತಿದ್ದರು. ಬಿಳಿ, ಕೆಂಪು, ಕಪ್ಪು ಎಲ್ಲ ಕಲಸಿ ಬಟ್ಟೆ ಬೂದಿ ಬಣ್ಣವಾಯಿತು. ಒಳಗಿಂದ ಬಂದ ಮುಖ ನಮ್ಮ ಕೆಳಗಿನ ಮನೆಯ ಮಾಮನ ಮುಖದ ಹಾಗಿತ್ತು, ಸುಸ್ತಾದ ಮುಖ. ಕಿವಿಯ ಹಿಂದೆ ಸಫೇತ ಹಾಗೇ ಉಳಿದಿತ್ತು. ಮರುದಿನ ನಿಮ್ಮ ತಂದೆ ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸುವಾಗ ಕಿವಿಯ ಹಿಂದೆ ಆ ಬಿಳಿ ಇರುತ್ತಿತ್ತಾ? ನೆನಪಿದ್ದರೆ ಬರೆಯಿರಿ. ಇಲ್ಲದಿದ್ದರೆ ಹುಟ್ಟಿಸಬೇಡಿ.

ಇನ್ನೊಂದು ಕೇಳುತ್ತೇನೆ. ಅವರು ಬಾಹುಕನ ವೇಷ ಮಾಡಿದ್ದರಾ? ನಳದಮಯಂತಿ ಕಥೆಯಲ್ಲಿ ಕಾರ್ಕೋಟಕ ಕಚ್ಚಿ ಕುರೂಪಿಯಾದ ನಳ ಬಾಹುಕನಾಗಿ ಋತುಪರ್ಣನ ಬಳಿ ಚಾಕರಿಗೆ ಇರುತ್ತಾನೆ. ಜನ ನಗುತ್ತಾರೆ. ಆಮೇಲೆ ಅವನ ಮಕ್ಕಳನ್ನು ಅವನ ಮುಂದೆ ತಂದು ನಿಲ್ಲಿಸುತ್ತಾರೆ, ಗುರುತು ಹೇಳುವ ಹಾಗಿಲ್ಲ, ತಡೆಯಲಾಗದೆ ಅಳುತ್ತಾನೆ. ನಿಮ್ಮ ತಂದೆ ಆ ವೇಷ ಮಾಡಿದ ದಿನ ನೀವು ಸಭೆಯಲ್ಲಿ ಕೂತಿದ್ದರೆ, ಅದಕ್ಕೊಂದು ಇಡೀ ಅಧ್ಯಾಯ ಕೊಡಿ.

ಮನೆಯಲ್ಲಿ ನಗುತ್ತಿರಲಿಲ್ಲ ಅನ್ನುವುದನ್ನು ದೂರಿನ ಹಾಗೂ ಬರೆಯಬೇಡಿ, ಗುಟ್ಟಿನ ಹಾಗೂ ಬರೆಯಬೇಡಿ. ಹೋಟೆಲಿನವರು ಮನೆಯಲ್ಲಿ ದೋಸೆ ಹೊಯ್ಯುತ್ತಾರಾ? ಹಾಗೇ ಇದೂ. ನಡೆದದ್ದನ್ನು ಹೇಳಿ, ಓದುವವರಿಗೆ ಗೊತ್ತಾಗುತ್ತದೆ.

ಸನ್ಮಾನದ ಪಟ್ಟಿ ಪುಸ್ತಕದ ಕೊನೆಗೆ, ಸಣ್ಣ ಅಕ್ಷರದಲ್ಲಿ, ಅರ್ಧ ಪುಟ. ಶಾಲುಗಳನ್ನು ಅಮ್ಮ ಏನು ಮಾಡಿದರು ಅನ್ನುವುದು ಬೇಕಾದರೆ ಒಳಗೆ ಬರಲಿ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಶಾಲುಗಳೆಲ್ಲ ಮೊಮ್ಮಕ್ಕಳ ತೊಟ್ಟಿಲಿಗೆ ಹೋದವು.

ಒಂದು ತಪ್ಪು ಈಗಲೇ ತಿದ್ದಿಕೊಳ್ಳಿ. ನಿಮ್ಮ ತಂದೆ ಹುಟ್ಟಿದಾಗ ಉಡುಪಿ ಜಿಲ್ಲೆಯೇ ಇರಲಿಲ್ಲ. ಅದು ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ದಕ್ಷಿಣ ಕನ್ನಡ, 1956ರ ನವೆಂಬರಿಗೆ ಮೊದಲಾದರೆ ಅದೂ ಮದರಾಸಿಗೆ ಸೇರಿದ್ದು. ಸಣ್ಣ ವಿಷಯ ಅನಿಸಬಹುದು, ಆದರೆ ಊರು ಬಿಟ್ಟು ಬಂದವರ ಕಥೆಯಲ್ಲಿ ಯಾವ ಊರು ಬಿಟ್ಟರು ಅನ್ನುವುದು ಸರಿಯಿರಬೇಕು, ಅಲ್ವಾ?

ಪ್ರಶ್ನೆ: ನಮ್ಮ ತಂದೆ ಮುಂಬಯಿಯಲ್ಲಿ ನಾಟಕ ತಂಡ ಕಟ್ಟಿ ಹೆಸರು ಮಾಡಿದವರು. ನನ್ನ ತಂಗಿ ಅವರ ಬಗ್ಗೆ ಪುಸ್ತಕ ಬರೆಯುತ್ತಿದ್ದಾಳೆ. ಕುಡಿತ, ಸಾಲ, ಅಮ್ಮನ ಬಳೆ ಅಡವಿಟ್ಟು ಸೆಟ್ಟು ಮಾಡಿಸಿದ್ದು, ಎಲ್ಲ ಹಾಕಿದ್ದಾಳೆ. ಸತ್ತವರ ಮಾನ ಕಳೆಯುವುದು ಯಾವ ನ್ಯಾಯ? ನಾನು ಕೋರ್ಟಿಗೆ ಹೋಗಬಹುದೇ? (ಮೀರಾ ರೋಡಿನಿಂದ)

ಉತ್ತರ: ಅಣ್ಣಾ, ಮೊದಲು ಕಾನೂನು ಮುಗಿಸೋಣ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 356ನೇ ಕಲಮು ಮಾನಹಾನಿಯದು. ಸತ್ತವರ ಬಗ್ಗೆ ಬರೆದದ್ದೂ ಅದರಲ್ಲಿ ಬರಬಹುದು, ಆದರೆ ಬದುಕಿದ್ದಿದ್ದರೆ ಅವರ ಹೆಸರಿಗೆ ಧಕ್ಕೆ ಆಗುವಂಥ ಮಾತಾಗಿರಬೇಕು, ಮನೆಯವರ ಮನಸ್ಸು ನೋಯಿಸುವ ಉದ್ದೇಶವೂ ಇರಬೇಕು. ನಿಮ್ಮ ತಂಗಿಯೂ 'ಮನೆಯವರು'! ಅವಳು ತನ್ನ ಮನಸ್ಸನ್ನೇ ನೋಯಿಸಲು ಬರೆದಳು ಅಂತ ನ್ಯಾಯಾಧೀಶರ ಮುಂದೆ ಹೇಳಲು ಹೊರಟಿದ್ದೀರಾ? ವಕೀಲರನ್ನು ಕೇಳಿ, ಬೇಡ ಅನ್ನುವುದಿಲ್ಲ. ಫೀಸಿನ ದುಡ್ಡಿನಲ್ಲಿ ಪುಸ್ತಕವೇ ಅಚ್ಚಾಗುತ್ತದೆ ಅಂತ ನನ್ನ ಅಂದಾಜು.

ನಿಮ್ಮ ಪತ್ರ ಎರಡು ಸಲ ಓದಿದೆ. 'ಇದು ಸುಳ್ಳು' ಅಂತ ಒಂದು ಕಡೆಯೂ ಬರೆದಿಲ್ಲ.

ಹಾಗಿದ್ದ ಮೇಲೆ ಜಗಳ ಇರುವುದು ನಿಜದ ಬಗ್ಗೆ ಅಲ್ಲ, ಯಾರ ಅಪ್ಪ ಅನ್ನುವುದರ ಬಗ್ಗೆ. ಒಂದೇ ಮನೆಯ ಮಕ್ಕಳಿಗೂ ಅಪ್ಪ ಬೇರೆ ಬೇರೆ. ಕುವೆಂಪು ಬಗ್ಗೆ ಮಗ ಪೂರ್ಣಚಂದ್ರ ತೇಜಸ್ವಿ 'ಅಣ್ಣನ ನೆನಪು' ಬರೆದರು, ಮಗಳು ತಾರಿಣಿ 'ಮಗಳು ಕಂಡ ಕುವೆಂಪು' ಬರೆದರು. ಮನೆ ಅದೇ, ಅಪ್ಪ ಅವರೇ, ಪುಸ್ತಕ ಎರಡು. ಒಂದು ಬಂತು ಅಂತ ಇನ್ನೊಂದು ಸುಳ್ಳಾಗಲಿಲ್ಲ. ನಿಮಗೆ ಕಂಡ ಅಪ್ಪನನ್ನು ನೀವು ಬರೆಯಿರಿ, ತಂಗಿಯ ಪುಸ್ತಕದಲ್ಲೇ ಹಿಂದೆ ಹತ್ತು ಪುಟ ಕೇಳಿ ತೆಗೆದುಕೊಳ್ಳಿ.

ಇನ್ನು ಮಾನ. ಪುಣೆಯ ಉದಾಹರಣೆ ಕೊಡುತ್ತೇನೆ. ಗದಗ ಸೀಮೆಯಿಂದ ಹೋಗಿ ಪುಣೆಯಲ್ಲಿ ನೆಲೆಸಿದ ನಮ್ಮ ಭೀಮಸೇನ ಜೋಶಿಯವರ ಬಗ್ಗೆ ಮೊದಲ ಹೆಂಡತಿಯ ಮಗ ರಾಘವೇಂದ್ರ ಜೋಶಿ ಮರಾಠಿಯಲ್ಲಿ ಪುಸ್ತಕ ಬರೆದಿದ್ದಾರೆ. ಎರಡು ಸಂಸಾರದ ಮನೆಯ ಕಥೆ ಅದು, ಸುಲಭದ ಕಥೆ ಅಲ್ಲ. ಅದನ್ನು ಓದಿದವರು ಭೀಮಸೇನರ ಹಾಡು ಕೇಳುವುದನ್ನು ಬಿಟ್ಟರಾ? 1990ರಲ್ಲಿ ಸುನೀತಾ ದೇಶಪಾಂಡೆ 'ಆಹೆ ಮನೋಹರ ತರೀ' ಬರೆದಾಗಲೂ ಹೀಗೇ. ಇಡೀ ಮಹಾರಾಷ್ಟ್ರವನ್ನು ನಗಿಸಿದ ಪು. ಲ. ದೇಶಪಾಂಡೆಯವರ ಹೆಂಡತಿ ಆಕೆ. ಗಂಡನ ಜೊತೆ ಬಾಳಿದ್ದು ಹೇಗಿತ್ತು ಅಂತ ಹೇಳಿದ್ದು ಎಷ್ಟೋ ಜನರಿಗೆ ರುಚಿಸಲಿಲ್ಲ. ಆದರೂ ಪುಲ ಪುಲನೇ ಆಗಿ ಉಳಿದರು. ಈಗಲೂ ದಾದರಿನ ಪುಸ್ತಕದಂಗಡಿಗಳಲ್ಲಿ ಇಬ್ಬರ ಪುಸ್ತಕವೂ ಸಿಗುತ್ತದೆ.

ಕೊನೆಗೆ ಆ ಬಳೆ. ಅದು ಅಮ್ಮನದು. ಅಮ್ಮ ಇದ್ದಾರಾ? ಇದ್ದರೆ ನೀವೂ ಬೇಡ, ತಂಗಿಯೂ ಬೇಡ, ಅವರನ್ನು ಕೇಳಿ. ಬಳೆ ಕೊಟ್ಟ ಕೈ ಹೂಂ ಅಂದರೆ ಅದು ಪುಸ್ತಕಕ್ಕೆ ಬರಲಿ. ನನ್ನ ಅನುಭವದಲ್ಲಿ ಅಮ್ಮಂದಿರು ಬೇಡ ಅನ್ನುವುದಿಲ್ಲ. ಅವರು ಕಾಯುತ್ತಿರುತ್ತಾರೆ, ಅಷ್ಟೇ. ಹಿಂದೊಮ್ಮೆ ಒಬ್ಬ ದೊಡ್ಡ ನಟರ ನೆನಪಿನ ಸಂಚಿಕೆಯ ಕರಡು ತಿದ್ದಿದ್ದೆ. ಅವರ ಹೆಂಡತಿ ನಾಲ್ಕು ಪುಟ ಬರೆದುಕೊಟ್ಟಿದ್ದರು, ಟಿಕೆಟು ಮಾರಿದ್ದು, ಸೀರೆಗಳಿಂದ ಪರದೆ ಹೊಲಿದದ್ದು. ಜಾಹೀರಾತು ಜಾಸ್ತಿ ಬಂತು ಅಂತ ಕೊನೆಯ ಘಳಿಗೆಯಲ್ಲಿ ಆ ನಾಲ್ಕು ಪುಟವನ್ನೇ ತೆಗೆದರು. ಒಂದು ಮಾತು ಆಡದೆ ನಾನೂ ಸುಮ್ಮನಿದ್ದೆ. ಈಗಲೂ ಆಕೆಯನ್ನು ಎಲ್ಲಾದರೂ ಮದುವೆಯಲ್ಲಿ ಕಂಡರೆ ಬೇರೆ ಸಾಲಿನಲ್ಲಿ ಊಟಕ್ಕೆ ಕೂರುತ್ತೇನೆ.

ನಿಮ್ಮ ತಂಗಿಗೂ ಒಂದು ಮಾತು ಮುಟ್ಟಿಸಿ. ಸಾಲ ಕೊಟ್ಟವರು, ಜೊತೆಗೆ ಕುಡಿದವರು, ಅವರ ಮಕ್ಕಳು ಇಲ್ಲೇ ಪಕ್ಕದ ಸ್ಟೇಷನಿನಲ್ಲಿ ಇಳಿಯುವವರು. ಅವರ ಹೆಸರು ಬೇಡ. ಅಪ್ಪನ ಕಥೆ ಹೇಳುವ ಹಕ್ಕು ಅವಳಿಗಿದೆ, ಊರಿನವರದ್ದೆಲ್ಲ ಹೇಳುವುದು ಬೇಡ.

ಪ್ರಶ್ನೆ: ನನ್ನ ಅಪ್ಪ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದರು. ನನಗೆ ಕನ್ನಡ, ತುಳು ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರೆದು ಅನುವಾದ ಮಾಡಿಸಲಾ? ಇದನ್ನು ನನ್ನ ಅತ್ತೆಯ ಕೈಯಲ್ಲಿ ಬರೆಸಿದ್ದೇನೆ. (ಠಾಣೆಯಿಂದ)

ಉತ್ತರ: ಇಂಗ್ಲಿಷಿಗೆ ಹೋಗಿ ಬರುವಷ್ಟರಲ್ಲಿ ಅಪ್ಪನ ಜೋಕು ದಾರಿಯಲ್ಲೇ ಸತ್ತಿರುತ್ತದೆ. ಬೇಡ. ಪತ್ರ ಬರೆಸಿದ ಹಾಗೇ ಪುಸ್ತಕವನ್ನೂ ಬರೆಸಿ. ಫೋನಿನಲ್ಲಿ ಧ್ವನಿ ದಾಖಲಿಸುವ ಆಪ್ ಇರುತ್ತದಲ್ಲ, ಅದನ್ನು ಒತ್ತಿ ದಿನಕ್ಕೆ ಹದಿನೈದು ನಿಮಿಷ ಮಾತಾಡಿ. ತುಳು ಬಂದರೆ ತುಳು, ನಡುವೆ ಮರಾಠಿ ಬಂದರೆ ಅದೂ ಇರಲಿ, ಮುಂಬಯಿ ಮನೆಗಳಲ್ಲಿ ಮಾತು ಹಾಗೇ ಇರುವುದು. ಫೋನಿನ ಕೀಲಿಮಣೆಯಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಹೇಳಿದರೆ ಅಕ್ಷರವಾಗಿ ಮೂಡುತ್ತದೆ, ತಪ್ಪುಗಳು ಇರುತ್ತವೆ, ಅತ್ತೆ ತಿದ್ದಲಿ. ಕನ್ನಡ ಬರೆಯಲು ಬಾರದ್ದಕ್ಕೆ ನಾಚಿಕೆ ಬೇಡ. ನಮ್ಮ ಹಿರಿಯರಲ್ಲಿ ಎಷ್ಟು ಜನ ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ಫೋರ್ಟಿನ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರಲ್ಲ?

ಮಿಮಿಕ್ರಿ ಅಂದಿರಿ. ಅಪ್ಪ ಯಾರ ಯಾರ ದನಿ ತೆಗೆಯುತ್ತಿದ್ದರು ಅನ್ನುವ ಪಟ್ಟಿ ಎಲ್ಲರೂ ಕೊಡುತ್ತಾರೆ. ಜ್ವರ ಬಂದು ಮಲಗಿದಾಗ ಅವರ ಸ್ವಂತ ದನಿ ಹೇಗಿತ್ತು ಅಂತ ನೀವು ಹೇಳಿ.

ಇಸವಿ ನೆನಪಾಗದಿದ್ದರೆ ಮುಂಬಯಿಯನ್ನೇ ಕ್ಯಾಲೆಂಡರ್ ಮಾಡಿಕೊಳ್ಳಿ. ಗಿರಣಿ ಮುಷ್ಕರ ಶುರುವಾದದ್ದು 1982ರ ಜನವರಿ. ಬಾಂಬು ಸಿಡಿದದ್ದು 1993ರ ಮಾರ್ಚ್ 12. ಮಹಾಮಳೆ 2005ರ ಜುಲೈ 26, ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರ ಜನವರಿಯಿಂದ. ಅದಕ್ಕೆ ಮುಂಚೆ ಊರಿಗೆ ಹೋದದ್ದು ಬಸ್ಸಿನಲ್ಲಿ, ಘಾಟಿಯಲ್ಲಿ ವಾಂತಿ ಮಾಡುತ್ತಾ. ಅಪ್ಪನ ಆ ಕಾರ್ಯಕ್ರಮ ನಡೆದಾಗ ಊರಿಗೆ ಬಸ್ಸೋ ರೈಲೋ ಅಂತ ಕೇಳಿಕೊಂಡರೆ ಅರ್ಧ ಲೆಕ್ಕ ಸಿಕ್ಕಿತು. ಮಳೆಗಾಲದ ಆಟಗಳಾದರೆ ಇನ್ನೂ ಸುಲಭ. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ದಿನ ಊರಿನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದ ಮೇಲೆಯೇ ಕಲಾವಿದರು ಇಲ್ಲಿಗೆ ಬರುತ್ತಿದ್ದದ್ದು, ಅಂದರೆ ಮೇ ಕೊನೆ ದಾಟಿರಬೇಕು.

ಪ್ರಶ್ನೆ: ಅಪ್ಪನ ಹಳೆ ಫೋಟೋ, ಅವರು ಅಮ್ಮನಿಗೆ ಬರೆದ ಕಾಗದ, ಕ್ಯಾಸೆಟ್ಟಿನ ಹಾಡು, ಪತ್ರಿಕೆಯಲ್ಲಿ ಬಂದ ಚಿತ್ರ, ಎಲ್ಲ ಪುಸ್ತಕಕ್ಕೆ ಹಾಕಬಹುದಾ? (ವಾಶಿಯಿಂದ)

ಉತ್ತರ: ಕಾಗದ ಮೊದಲು. ಕಾಗದದ ಹಾಳೆ ಅಮ್ಮನದು, ಅದರಲ್ಲಿ ಬರೆದ ಮಾತಿನ ಹಕ್ಕು ಅಪ್ಪನದು. ಬರೆದವರು ತೀರಿಕೊಂಡ ಮೇಲೆ ಆ ಹಕ್ಕು ವಾರಸುದಾರರಿಗೆ ಹೋಗುತ್ತದೆ, ಹಿಂದೆ ಎಲ್ಲೂ ಅಚ್ಚಾಗದ ಕಾಗದವಾದರೆ ಮೊದಲ ಸಲ ಅಚ್ಚಾದ ಮೇಲೆ 60 ವರ್ಷ ಇರುತ್ತದೆ, 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ. ವಾರಸುದಾರರು ಅಂದರೆ ಅಣ್ಣ ತಮ್ಮಂದಿರೂ ಸೇರಿ. ಒಂದು ಹಾಳೆಯಲ್ಲಿ ಎಲ್ಲರ ಸಹಿ ಹಾಕಿಸಿಕೊಳ್ಳಿ, ಗಣಪತಿ ಹಬ್ಬಕ್ಕೆ ಎಲ್ಲ ಸೇರಿದಾಗ, ಊಟ ಆದ ಮೇಲೆ.

ಸ್ಟುಡಿಯೋಗೆ ಹೋಗಿ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದೇ. ಪತ್ರಿಕೆಯ ಫೋಟೋಗ್ರಾಫರ್ ತೆಗೆದದ್ದಕ್ಕೆ ಪತ್ರಿಕೆಯವರನ್ನು ಕೇಳಬೇಕು. ಕ್ಯಾಸೆಟ್ಟಿನ ಹಕ್ಕು ಸಾಮಾನ್ಯವಾಗಿ ಕಂಪೆನಿಯದು. ಅಪ್ಪ ಹಾಡಿದ್ದು ಅಂತ ಇಂಟರ್ನೆಟ್ಟಿಗೆ ಏರಿಸಿ ಆಮೇಲೆ ಅವರು ಇಳಿಸಿದರು ಅಂತ ನನಗೆ ಪತ್ರ ಬರೆಯಬೇಡಿ.

ಪ್ರಶ್ನೆ: ನಮ್ಮ ತಂದೆ ಕಂಪನಿ ನಾಟಕದ ನಟರು, ಹುಬ್ಬಳ್ಳಿ ಕಡೆಯವರು. ಅವರು ಪಾರ್ಟು ಬರೆದಿಟ್ಟುಕೊಂಡ ವಹಿಗಳಿಗೆ ಗೆದ್ದಲು ಹತ್ತಿದೆ. ಇಲ್ಲಿಯ ಮಳೆ ನಿಮಗೆ ಗೊತ್ತಲ್ಲ. ಲ್ಯಾಮಿನೇಟ್ ಮಾಡಿಸಲೇನ್ರಿ? (ಗೋವಾದ ವಾಸ್ಕೋದಿಂದ)

ಉತ್ತರ: ಬ್ಯಾಡ್ರೀ! ಲ್ಯಾಮಿನೇಟ್ ಮಾಡಿದರೆ ಬಿಸಿಗೆ ಹಳೆ ಕಾಗದ ಹಾಳು, ಆಮೇಲೆ ಪ್ಲಾಸ್ಟಿಕ್ಕು ಬಿಡಿಸಲೂ ಆಗುವುದಿಲ್ಲ. ಗೆದ್ದಲು ಹತ್ತಿದ ವಹಿಯನ್ನು ಇವತ್ತೇ ಬೇರೆ ವಹಿಗಳಿಂದ ದೂರ ಇಡಿ. ಮೆತ್ತನೆಯ ಬ್ರಷ್ಷಿನಲ್ಲಿ ಮಣ್ಣು ಜಾಡಿಸಿ, ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ಬೇಡ. ಕಿಟಕಿಯ ಬೆಳಕಿನಲ್ಲಿ ಒಂದೊಂದು ಪುಟದ ಫೋಟೋ ತೆಗೆದು ಎರಡು ಕಡೆ ಉಳಿಸಿಡಿ. ಪುಟದ ಅಂಚಿನಲ್ಲಿ ಎಣ್ಣೆ ಕಲೆ, ಬೀಡಿ ಸುಟ್ಟ ತೂತು ಇದ್ದರೆ ಅದೂ ಫೋಟೋದಲ್ಲಿ ಬರಲಿ, ಕತ್ತರಿಸಬೇಡಿ. ಮಗಳಾಗಿ ನೀವು ಬರೆಯಲು ಕೂತ ದಿನ ಆ ಬೀಡಿ ತೂತಿನಿಂದ ಎಷ್ಟು ನೆನಪಾಗುತ್ತದೆ ನೋಡಿ.

ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೂ ಒಂದು ಕಾಗದ ಬರೆಯಿರಿ, ಇಂಥ ವಹಿಗಳ ಬೆಲೆ ಅವರಿಗೆ ಗೊತ್ತು.

ಪ್ರಶ್ನೆ: ಅಪ್ಪನ ಬಗ್ಗೆ ನನ್ನ ಪುಸ್ತಕ ಅಚ್ಚಿಗೆ ಹೋಗಿದೆ. ಪುಸ್ತಕದ ಗುರುತಿನ ಐಎಸ್‌ಬಿಎನ್ ಸಂಖ್ಯೆಗೆ ಏಜೆಂಟ್ ದುಡ್ಡು ಕೇಳುತ್ತಿದ್ದಾನೆ, ಕೊಡಲಾ? ಬಿಡುಗಡೆಗೆ ಎಷ್ಟು ಅತಿಥಿಗಳನ್ನು ಕರೆಯಲಿ? ಪಟ್ಟಿಯಲ್ಲಿ ಈಗಲೇ ಹನ್ನೊಂದು ಜನ ಇದ್ದಾರೆ. (ಮುಲುಂಡಿನಿಂದ)

ಉತ್ತರ: ಕೊಡಬೇಡಿ. ಐಎಸ್‌ಬಿಎನ್ ಸರಕಾರದ ಕಡೆಯಿಂದ ಪುಕ್ಕಟೆ, ರಾಜಾ ರಾಮಮೋಹನ ರಾಯ್ ಏಜೆನ್ಸಿಯ ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಹಾಕಬಹುದು.

ಹನ್ನೊಂದು ಜನ ವೇದಿಕೆಯಲ್ಲಿ ಕೂತು ತಲಾ ಹತ್ತು ನಿಮಿಷ ಮಾತಾಡಿದರೆ ನಿಮ್ಮ ಸರದಿ ಬರುವಷ್ಟರಲ್ಲಿ ಸಭೆ ಕಲ್ಯಾಣದ ಗಾಡಿ ಹಿಡಿದಿರುತ್ತದೆ. ಇಬ್ಬರು ಸಾಕು. ಒಬ್ಬರು ಅಪ್ಪನ ಜೊತೆ ಚೆಂಡೆಯೋ ತಬಲವೋ ಬಾರಿಸಿದವರಿರಲಿ. ನೀವು ಮೂರು ಪುಟ ಓದಿ, ಗಟ್ಟಿಯಾಗಿ. ಅಮ್ಮನನ್ನು ಮೊದಲ ಸಾಲಿನ ತುದಿಯಲ್ಲಿ ಕೂರಿಸಬೇಡಿ, ವೇದಿಕೆಯಲ್ಲಿ ಕೂರಿಸಿ. ಪುಸ್ತಕದ ಮೇಜು ಊಟದ ಹಾಲಿನ ಬಾಗಿಲಿಗೇ ಇರಲಿ. ಊಟ ಆದ ಮೇಲೆ ನಮ್ಮವರು ಯಾರೂ ಪುಸ್ತಕ ಕೊಳ್ಳುವುದಿಲ್ಲ.